ನೆತ್ತರಿನ ಸಾಕ್ಷ್ಯ

ಇಟಲಿಯ ಪಾಡುವಾ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬರ್ನಾರ್ಡಿನೋ ರಾಮಾಝೀನಿ ಅವರು ಕಸುಬುದಾರರ ರೋಗಗಳನ್ನು ಕುರಿತು ರಚಿಸಿದ ಗ್ರಂಥದ ಪರಿಷ್ಕೃತ ಆವೃತ್ತಿಯು 1713ರಲ್ಲಿ ಹೊರಬಂದಿತು. ಗಣಿಗಾರರು, ಕುಂಬಾರರು, ಅಚ್ಚುಮೊಳೆ ಜೋಡಿಸುವವರು ಮೊದಲಾದವರ ಸಂಕಟಗಳನ್ನು ವಿವರಿಸುವ ಆ ಗ್ರಂಥದಲ್ಲಿ ಅವರು ಕ್ರೈಸ್ತ ಸಂನ್ಯಾಸಿನಿಯರ ಮಠಗಳ ಮಾತನ್ನೂ ಎತ್ತಿ, ಸ್ತನದ ಅರ್ಬುದವು ಇತರ ಸ್ತ್ರೀಯರಿಗಿಂತ ಈ ಮಠವಾಸಿನಿಯರಲ್ಲಿಯೇ ಅಧಿಕವಾಗಿ ಕಾಣಬರುವುದೆಂದು ಬರೆದರು. ಒಂದು ಶತಮಾನಕ್ಕೂ ಮಿಗಿಲಾದ ಕಾಲ ಕಳೆದ ಬಳಿಕ, 1842ರಲ್ಲಿ, ಡೊಮೆನಿಕೊ ರಿಗೋನಿ-ಸ್ಟರ್ನ್ ಎಂಬ ವೈದ್ಯರು ವೆರೋನಾ ನಗರದ 1760ರಿಂದ 1839ರವರೆಗಿನ ಮರಣದಾಖಲೆಗಳನ್ನು ಎಣಿಸಿ ನೋಡಿ, ರಾಮಾಝೀನಿಯವರ ಮಾತು ಬರಿಯ ಅನಿಸಿಕೆಯಲ್ಲವೆಂದು ಅಂಕೆಗಳಿಂದ ತೋರಿಸಿಕೊಟ್ಟರು: ಮಠವಾಸಿನಿಯರಲ್ಲಿ ಗರ್ಭಕೋಶದ ಕ್ಯಾನ್ಸರು ವಿರಳ, ಸ್ತನದ ಕ್ಯಾನ್ಸರು ಬಹಳ. ಹೆರಿಗೆಯಿಲ್ಲದ, ಹಾಲೂಡಿಸದ ಜೀವನಕ್ರಮಕ್ಕೂ ಎದೆಯಲ್ಲಿ ಹುಟ್ಟುವ ಈ ವ್ಯಾಧಿಗೂ ನಡುವೆ ಏನೋ ಒಂದು ಸಂಬಂಧವಿರಬೇಕೆಂಬುದು ಹೀಗೆ ಮುನ್ನೂರು ವರ್ಷಗಳ ಹಿಂದೆಯೇ ಗೋಚರಿಸಿತ್ತಾದರೂ, ಆ ಸಂಬಂಧವು ದೇಹದೊಳಗೆ ಯಾವ ಹಾದಿಯಲ್ಲಿ ಸಾಗುತ್ತದೆಂಬುದನ್ನು ಹೇಳಬಲ್ಲ ಸಾಧನವು ಆ ಇಬ್ಬರಲ್ಲಿ ಯಾರ ಬಳಿಯಲ್ಲಿಯೂ ಇರಲಿಲ್ಲ.

ಹಾದಿಯ ಮೊದಲ ಸುಳಿವು ಶಸ್ತ್ರವೈದ್ಯರೊಬ್ಬರಿಗೆ ದೊರೆಯಿತು. ರೋಗವು ಹಬ್ಬಿ ಕೈಮೀರಿದ ಸ್ತ್ರೀಯರಲ್ಲಿ ಅಂಡಾಶಯಗಳನ್ನು ತೆಗೆದುಹಾಕಿದರೆ ಕೆಲವರಲ್ಲಿ ಸ್ತನದ ಗಡ್ಡೆಯು ಕುಗ್ಗುವುದೆಂದು ಗ್ಲಾಸ್ಗೋ ನಗರದ ಜಾರ್ಜ್ ಬೀಟ್ಸನ್ ಅವರು 1896ರಲ್ಲಿ ಪ್ರಕಟಿಸಿದರು. ಹಾರ್ಮೋನ್ ಎಂಬ ಹೆಸರೇ ಇನ್ನೂ ಹುಟ್ಟಿರದಿದ್ದ ಆ ಕಾಲದಲ್ಲಿ, ಕಿಬ್ಬೊಟ್ಟೆಯ ಅಂಗವೊಂದನ್ನು ತೆಗೆದರೆ ಎದೆಯ ಗಡ್ಡೆ ಬಾಡುವುದಾದರೆ ಇವೆರಡರ ನಡುವೆ ಸಂದೇಶವನ್ನು ಒಯ್ಯತಕ್ಕುದು ರಕ್ತವಲ್ಲದೆ ಬೇರಾವುದಿದ್ದೀತು ಎಂಬ ಪ್ರಶ್ನೆಗೆ ಎಡೆಯಾಯಿತು. ಮುಂದೆ 1926ರಲ್ಲಿ ಇಂಗ್ಲೆಂಡಿನ ವೈದ್ಯೆ ಜ್ಯಾನೆಟ್ ಲೇನ್-ಕ್ಲೇಪನ್ ಅವರು ಸ್ತನ ಕ್ಯಾನ್ಸರು ತಗುಲಿದ ಸುಮಾರು 500 ಸ್ತ್ರೀಯರನ್ನೂ ತಗುಲದ ಸುಮಾರು 500 ಸ್ತ್ರೀಯರನ್ನೂ ಎದುರುಬದುರಾಗಿ ಇರಿಸಿ, ಮದುವೆಯ ವಯಸ್ಸು, ಹೆತ್ತ ಮಕ್ಕಳ ಸಂಖ್ಯೆ, ಹಾಲೂಡಿಸಿದ ಅವಧಿ ಮೊದಲಾದುವನ್ನು ಒಂದೊಂದಾಗಿ ಹೋಲಿಸಿದರು. ರೋಗಿಗಳನ್ನು ನಿರೋಗಿಗಳೊಡನೆ ಕ್ರಮಬದ್ಧವಾಗಿ ಹೋಲಿಸುವ ವಿಧಾನಕ್ಕೆ ಇಂದಿಗೂ ಮಾದರಿಯೆನಿಸಿರುವ ಆ ವರದಿಯಲ್ಲಿ ಇಂದು ನಾವು ಹೇಳುವ ಎಷ್ಟೋ ಮಾತುಗಳು ಆಗಲೇ ಇವೆ. ಲೇನ್-ಕ್ಲೇಪನ್ ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನೂ ಹೆಚ್ಚಾಗಿ ಕಾಣಬೇಕಾಗಿತ್ತೆಂದು ನನಗೆ ಅನಿಸುತ್ತದೆ.

ಆದರೆ ರಕ್ತವನ್ನು ಸಾಕ್ಷಿಯಾಗಿ ಕರೆಯುವುದರಲ್ಲಿ ಒಂದು ತೊಡಕುಂಟು. ರೋಗ ಬಂದ ಮೇಲೆ ತೆಗೆದ ರಕ್ತವು ರೋಗದ ಕಾರಣವನ್ನು ಹೇಳುತ್ತಿದೆಯೋ ಅದರ ಪರಿಣಾಮವನ್ನು ಹೇಳುತ್ತಿದೆಯೋ ತಿಳಿಯುವ ಬಗೆ ಯಾವುದು? ಗಡ್ಡೆಯು ತಾನೇ ದೇಹದ ರಸಗಳನ್ನು ಏರುಪೇರು ಮಾಡಬಲ್ಲುದು. ಚಿಕಿತ್ಸೆ, ಭಯ, ಊಟ ಸೇರದಿರುವಿಕೆ, ನಿದ್ರಾಹೀನತೆ, ಇವೆಲ್ಲವೂ ರಕ್ತದಲ್ಲಿ ತಮ್ಮ ಗುರುತನ್ನು ಬಿಡುತ್ತವೆ. ಆದುದರಿಂದ ಸಹಸ್ರಾರು ಸ್ತ್ರೀಯರು ಆರೋಗ್ಯವಾಗಿರುವಾಗಲೇ ಅವರ ರಕ್ತವನ್ನು ಸಂಗ್ರಹಿಸಿ, ಕೆಡದಂತೆ ಕಾಪಾಡಿ, ಮುಂದೆ ಯಾರಿಗೆ ರೋಗ ಬಂದಿತು ಯಾರಿಗೆ ಬರಲಿಲ್ಲ ಎಂಬುದನ್ನು ವರ್ಷಾನುವರ್ಷ ವಿಚಾರಿಸುತ್ತ ಕಾಯಬೇಕು. ಇಂತಹ ತಾಳ್ಮೆಯ ಕಾರ್ಯಗಳಲ್ಲಿ ಅಗ್ರಗಣ್ಯವಾದುದು ಅಮೆರಿಕದ ಬಾಸ್ಟನ್ ನಗರದಿಂದ 1976ರಲ್ಲಿ ಆರಂಭವಾದ ನರ್ಸುಗಳ ಆರೋಗ್ಯ ಅಧ್ಯಯನ. ಹನ್ನೊಂದು ರಾಜ್ಯಗಳ, 30ರಿಂದ 55 ವರ್ಷ ವಯಸ್ಸಿನ, ಸುಮಾರು 1,21,700 ವಿವಾಹಿತ ದಾದಿಯರು ಅದರಲ್ಲಿ ಸೇರಿದರು. ತೂಕ, ಊಟ, ಹೆರಿಗೆ, ಔಷಧ, ಮದ್ಯ, ನಡಿಗೆ ಇವುಗಳನ್ನು ಕುರಿತ ಪ್ರಶ್ನಪತ್ರಗಳಿಗೆ ಎರಡೆರಡು ವರ್ಷಗಳಿಗೊಮ್ಮೆ ಉತ್ತರ ಬರೆದು ಕಳುಹಿಸುತ್ತ ಬಂದರು. ಇವರ ಪೈಕಿ 32,826 ಮಂದಿ 1989–90ರಲ್ಲಿ ತಮ್ಮ ರಕ್ತವನ್ನು ತೆಗೆಯಿಸಿ, ಮಂಜುಗಡ್ಡೆಯ ಚೀಲದೊಡನೆ ಕಟ್ಟಿ, ರಾತ್ರಿ ಕಳೆಯುವುದರೊಳಗೆ ಮುಟ್ಟುವಂತೆ ಬಾಸ್ಟನ್ನಿನ ಪ್ರಯೋಗಶಾಲೆಗೆ ರವಾನಿಸಿದರು. ಅಲ್ಲಿ ರಕ್ತದ ದ್ರವಭಾಗವನ್ನು ಕಣಗಳಿಂದ ಬೇರ್ಪಡಿಸಿ, ಚಿಕ್ಕ ಚಿಕ್ಕ ನಳಿಕೆಗಳಲ್ಲಿ ತುಂಬಿ, ದ್ರವ ಸಾರಜನಕದ ಶೈತ್ಯದಲ್ಲಿ, ಶೂನ್ಯಕ್ಕಿಂತ ನೂರ ಮೂವತ್ತು ಡಿಗ್ರಿಗೂ ಕೆಳಗಿನ ಉಷ್ಣತೆಯಲ್ಲಿ ಇರಿಸಲಾಯಿತು. ಮುಂದಿನ ವರ್ಷಗಳಲ್ಲಿ ಅವರಲ್ಲೊಬ್ಬರಿಗೆ ಸ್ತನ ಕ್ಯಾನ್ಸರು ಪತ್ತೆಯಾಯಿತೆಂದರೆ, ಆಕೆಯ ನಳಿಕೆಯನ್ನೂ, ಆಕೆಯದೇ ವಯಸ್ಸಿನ, ಅದೇ ಸುಮಾರಿನಲ್ಲಿ ರಕ್ತ ಕೊಟ್ಟು ನಿರೋಗಿಯಾಗಿಯೇ ಉಳಿದ ಒಬ್ಬಿಬ್ಬರ ನಳಿಕೆಗಳನ್ನೂ ಹೊರತೆಗೆದು, ಯಾವುದು ಯಾರದೆಂದು ಪರೀಕ್ಷಕನಿಗೆ ತಿಳಿಸದೆ ಅಳೆಯಿಸಿದರು. ರೋಗಿಗಳ ಶುಶ್ರೂಷೆಯನ್ನೇ ವೃತ್ತಿಯಾಗಿ ಉಳ್ಳವರು, ತಾವು ಎಂದೂ ಕಾಣದ ಸ್ತ್ರೀಯರ ಹಿತಕ್ಕಾಗಿ, ಪ್ರತಿಫಲವಿಲ್ಲದೆ ಕೊಟ್ಟ ಆ ರಕ್ತವು ವೈದ್ಯಶಾಸ್ತ್ರಕ್ಕೆ ಸಂದ ಮಹಾದಾನಗಳಲ್ಲೊಂದೆಂದು ನಾನು ಎಣಿಸುತ್ತೇನೆ.

ಇಂತಹ ಒಂಬತ್ತು ಅಧ್ಯಯನಗಳ ಅಳತೆಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯು 2002ರಲ್ಲಿ ಪ್ರಕಟವಾಯಿತು. ಮುಟ್ಟು ನಿಂತ, ಹಾರ್ಮೋನು ಗುಳಿಗೆಗಳನ್ನು ಸೇವಿಸದ, ಮುಂದೆ ರೋಗಕ್ಕೀಡಾದ 663 ಸ್ತ್ರೀಯರನ್ನು ಈಡಾಗದ 1,765 ಮಂದಿಯೊಡನೆ ಅದರಲ್ಲಿ ಹೋಲಿಸಲಾಗಿತ್ತು. ರಕ್ತದಲ್ಲಿ ಈಸ್ಟ್ರೋಜೆನ್ ವರ್ಗದ ಈಸ್ಟ್ರಡಯಾಲ್ ಎಂಬ ಸ್ತ್ರೀ ಹಾರ್ಮೋನು ಅತ್ಯಧಿಕವಾಗಿದ್ದ ಐದನೆಯ ಒಂದು ಭಾಗದವರಿಗೆ, ಅತ್ಯಲ್ಪವಾಗಿದ್ದ ಐದನೆಯ ಒಂದು ಭಾಗದವರಿಗಿಂತ, ರೋಗದ ಸಂಭವವು ಸುಮಾರು ಇಮ್ಮಡಿಯಾಗಿತ್ತು. ಸ್ತ್ರೀಯರ ರಕ್ತದಲ್ಲಿಯೂ ಕೊಂಚ ಇರತಕ್ಕ ಟೆಸ್ಟೊಸ್ಟಿರಾನಿನ ವಿಷಯದಲ್ಲಿಯೂ ಫಲಿತಾಂಶವು ಹೀಗೆಯೇ. ಇದಕ್ಕೆ ವಿರುದ್ಧವಾಗಿ, ಈ ಹಾರ್ಮೋನುಗಳನ್ನು ಹಿಡಿದಿಟ್ಟುಕೊಂಡು ಅವು ಸ್ವೇಚ್ಛೆಯಾಗಿ ಜೀವಕೋಶಗಳೊಳಕ್ಕೆ ನುಗ್ಗದಂತೆ ತಡೆಯುವ, ಯಕೃತ್ತಿನಲ್ಲಿ ತಯಾರಾಗುವ ಒಂದು ಪ್ರೋಟೀನು ಯಾರಲ್ಲಿ ಅಧಿಕವೋ ಅವರಿಗೆ ಅಪಾಯವು ಕಡಿಮೆ. ಹೊರಗಿನಿಂದ ಹಾರ್ಮೋನು ಕೊಟ್ಟಾಗಲೂ ಇದೇ ದಿಕ್ಕಿನ ಫಲವು ಕಂಡುಬಂದಿದೆ: ಮುಟ್ಟು ನಿಂತ 16,608 ಅಮೆರಿಕನ್ ಸ್ತ್ರೀಯರ ಮೇಲೆ ನಡೆಯುತ್ತಿದ್ದ, ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಕೂಡಿದ ಗುಳಿಗೆಯ ಪ್ರಯೋಗವನ್ನು 2002ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು, ಗುಳಿಗೆ ನುಂಗಿದವರಲ್ಲಿ ಸ್ತನ ಕ್ಯಾನ್ಸರು ಶೇ. 26ರಷ್ಟು ಹೆಚ್ಚಾಗಿ ಕಂಡುದು ಅದಕ್ಕೆ ಒಂದು ಮುಖ್ಯ ಕಾರಣ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಕೋರುತ್ತೇನೆ, ಏಕೆಂದರೆ ‘ಇಮ್ಮಡಿ’ ಎಂಬ ಮಾತು ಕೇಳಿದೊಡನೆ ಎದೆ ನಡುಗುವುದು ಸಹಜ. ಸಾವಿರ ಸ್ತ್ರೀಯರಲ್ಲಿ ಹತ್ತು ವರ್ಷಗಳ ಅವಧಿಯಲ್ಲಿ ಹತ್ತು ಮಂದಿಗೆ ರೋಗ ಬರುತ್ತದೆಂದು ಊಹಿಸಿಕೊಳ್ಳೋಣ. ಅಪಾಯವು ಇಮ್ಮಡಿಯಾದರೆ ಆ ಹತ್ತು ಇಪ್ಪತ್ತಾಗುವುದು, ಉಳಿದ ಒಂಬೈನೂರ ಎಂಬತ್ತು ಮಂದಿಯು ಅಧಿಕ ಹಾರ್ಮೋನನ್ನು ಹೊತ್ತುಕೊಂಡೇ ನಿರೋಗಿಗಳಾಗಿರುವರು. ಸಮೂಹವೊಂದರ ಬಗೆಗೆ ಸತ್ಯವಾದ ಈ ಅಂಕೆಯು ಒಬ್ಬಾನೊಬ್ಬ ಸ್ತ್ರೀಯ ಭವಿಷ್ಯವನ್ನು ಹೇಳಲಾರದು.

ಮುಟ್ಟು ನಿಂತ ಬಳಿಕ ಅಂಡಾಶಯವು ತನ್ನ ಕೆಲಸದಿಂದ ವಿರಮಿಸುವುದಷ್ಟೆ; ಹಾಗಾದರೆ ಆ ವಯಸ್ಸಿನಲ್ಲಿ ಈಸ್ಟ್ರಡಯಾಲ್ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಯ ಉತ್ತರದಲ್ಲಿಯೇ ಜೀವನಕ್ರಮಕ್ಕೂ ರೋಗಕ್ಕೂ ನಡುವಣ ಸೇತುವು ಅಡಗಿದೆ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳೂ ಸ್ವಲ್ಪಮಟ್ಟಿಗೆ ಅಂಡಾಶಯವೂ ಸ್ರವಿಸುವ ಪುರುಷ ಹಾರ್ಮೋನಿನ ಜಾತಿಯ ವಸ್ತುಗಳನ್ನು, ದೇಹದ ಮೇದಸ್ಸಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವವು ಈಸ್ಟ್ರೋಜೆನ್ ಆಗಿ ಪರಿವರ್ತಿಸುತ್ತದೆ. ಕೊಬ್ಬು ಹೆಚ್ಚಿದಷ್ಟೂ ಈ ಪರಿವರ್ತನೆಯು ಹೆಚ್ಚು. ಅದೂ ಅಲ್ಲದೆ, ಹೊಟ್ಟೆಯ ಕೊಬ್ಬಿನೊಡನೆ ರಕ್ತದಲ್ಲಿ ಇನ್ಸುಲಿನ್ ಏರುವುದು, ಇನ್ಸುಲಿನ್ ಏರಿದಂತೆ ಯಕೃತ್ತು ಆ ರಕ್ಷಕ ಪ್ರೋಟೀನನ್ನು ಕಡಿಮೆ ತಯಾರಿಸುವುದು, ಹೀಗೆ ಹಾರ್ಮೋನು ಹೆಚ್ಚಾಗುವುದೂ ಅದರ ಕಡಿವಾಣ ಸಡಿಲವಾಗುವುದೂ ಒಟ್ಟಿಗೆ ಸಂಭವಿಸುತ್ತವೆ. ಮುಟ್ಟು ನಿಂತ ಮೇಲೆ ಸ್ಥೂಲಕಾಯವು ಸ್ತನ ಕ್ಯಾನ್ಸರಿಗೆ ಏಕೆ ಎಡೆಮಾಡುವುದೆಂಬುದನ್ನು 2003ರ ಇನ್ನೊಂದು ವಿಶ್ಲೇಷಣೆಯು ಬಹು ಸ್ಪಷ್ಟವಾಗಿ ತೋರಿಸಿತು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕವು ಐದು ಅಂಶ ಏರಿದರೆ ಅಪಾಯವು ಸುಮಾರು ಶೇ. 19 ಹೆಚ್ಚುತ್ತಿತ್ತು, ಆದರೆ ರಕ್ತದಲ್ಲಿ ಬಂಧನವಿಲ್ಲದೆ ಸಂಚರಿಸುವ ಈಸ್ಟ್ರಡಯಾಲಿನ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಂಡೊಡನೆ ಆ ಶೇ. 19 ಸುಮಾರು ಶೇ. 2ಕ್ಕೆ ಇಳಿಯಿತು. ತೂಕವು ಎದೆಗೆ ಮಾಡುವ ಹಾನಿಯ ಬಹುಪಾಲು ಈ ಒಂದು ಹಾರ್ಮೋನಿನ ಮೂಲಕವೇ ಸಾಗುತ್ತದೆಂದು ಇದರ ತಾತ್ಪರ್ಯ. ಮುಟ್ಟು ನಿಲ್ಲುವ ಮುನ್ನ ಈ ಚಿತ್ರವು ಬೇರೆ. ಪಾಶ್ಚಾತ್ಯ ದೇಶಗಳ ತರುಣಿಯರಲ್ಲಿ ಸ್ಥೂಲತೆಯೊಡನೆ ಅಪಾಯವು ಕೊಂಚ ತಗ್ಗಿಯೇ ಕಂಡಿದೆ.

ಪಾಶ್ಚಾತ್ಯ ಸ್ತ್ರೀಯರ ಶರೀರದಿಂದ ಪಡೆದ ಈ ಅಳತೆಗಳನ್ನು ನಮ್ಮವರ ಮೇಲೆ ನೇರವಾಗಿ ಹೊದಿಸುವುದು ಸಲ್ಲದು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರು ಹಲವು ದಶಕಗಳಿಂದ ತೋರಿಸುತ್ತ ಬಂದಿರುವಂತೆ, ತೂಕದ ಸೂಚ್ಯಂಕವು ಒಂದೇ ಆಗಿದ್ದರೂ ಭಾರತೀಯರ ದೇಹದಲ್ಲಿ ಕೊಬ್ಬಿನ ಪಾಲು ಯೂರೋಪಿಯನ್ನರಿಗಿಂತ ಅಧಿಕ, ಸ್ನಾಯುವಿನ ಪಾಲು ಕಡಿಮೆ. ಕೈಕಾಲುಗಳು ತೆಳ್ಳಗಿದ್ದು ಹೊಟ್ಟೆಯು ಮಾತ್ರ ಮುಂದೆ ಬಂದಿರುವ ಈ ಮೈಕಟ್ಟಿನ ಬೀಜವು ತಾಯಿಯ ಗರ್ಭದಲ್ಲಿಯೇ ಬಿತ್ತಲ್ಪಡುತ್ತದೆ. ಯೂರೋಪಿನಲ್ಲಿ ಸೂಚ್ಯಂಕವು 25 ದಾಟಿದರೆ ಅತಿತೂಕವೆಂದು ಎಣಿಸುವಲ್ಲಿ ನಮ್ಮ ವೈದ್ಯರು 23ಕ್ಕೇ ಎಚ್ಚರಿಸುವುದೂ, ಸ್ತ್ರೀಯರ ಸೊಂಟದ ಸುತ್ತಳತೆಯು 80 ಸೆಂಟಿಮೀಟರನ್ನು ಮೀರಬಾರದೆನ್ನುವುದೂ ಈ ಕಾರಣದಿಂದಲೇ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಸಂಶೋಧಕರು ನಮ್ಮ ಸ್ತ್ರೀಯರನ್ನೇ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೊಂಟಕ್ಕೂ ನಿತಂಬಕ್ಕೂ ಇರುವ ಅಳತೆಯ ಅನುಪಾತವು ಹೆಚ್ಚಿದಂತೆ ಸ್ತನ ಕ್ಯಾನ್ಸರಿನ ಅಪಾಯವೂ ಹೆಚ್ಚಿತು. ಅದೂ ಮುಟ್ಟು ನಿಂತವರಲ್ಲಿ ಮಾತ್ರವಲ್ಲ, ನಿಲ್ಲದವರಲ್ಲಿಯೂ. ತಕ್ಕಡಿಯನ್ನು ಏರಿ ನೋಡಿ ‘ನಾನು ದಪ್ಪವಿಲ್ಲ’ ಎಂದು ನಿಶ್ಚಿಂತೆಯಾಗಿರುವ ನಮ್ಮ ಅಕ್ಕತಂಗಿಯರಿಗೆ, ದರ್ಜಿಯ ಟೇಪು ಹೇಳುವ ಮಾತು ಹೆಚ್ಚು ನಂಬಿಕೆಗೆ ಅರ್ಹವೆಂದು ತಿಳಿಸಬೇಕಾಗಿದೆ.

ರಕ್ತದಲ್ಲಿನ ಹಾರ್ಮೋನೆಂಬ ಈ ಸೂಚಕವು ಏರಬಲ್ಲುದಾದರೆ ಇಳಿಯಬಲ್ಲುದೆ? ಅಮೆರಿಕದ ಸಿಯಾಟಲ್ ನಗರದಲ್ಲಿ, ತೂಕ ಹೆಚ್ಚಾಗಿದ್ದ, ಮುಟ್ಟು ನಿಂತ 439 ಸ್ತ್ರೀಯರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ ಒಂದು ವರ್ಷ ನಡೆಸಿದ ಪ್ರಯೋಗದ ಫಲವು 2012ರಲ್ಲಿ ಹೊರಬಿದ್ದಿತು. ಆಹಾರವನ್ನು ಮಿತಗೊಳಿಸಿ ವಾರಕ್ಕೆ ಐದು ದಿನ ಮುಕ್ಕಾಲು ಗಂಟೆಯ ಬಿರುಸು ನಡಿಗೆ ಮೊದಲಾದ ವ್ಯಾಯಾಮವನ್ನೂ ಮಾಡಿದವರಲ್ಲಿ ಈಸ್ಟ್ರಡಯಾಲ್ ಸುಮಾರು ಶೇ. 20 ಇಳಿದು, ರಕ್ಷಕ ಪ್ರೋಟೀನು ಸುಮಾರು ಶೇ. 26 ಏರಿತು, ವ್ಯಾಯಾಮವೊಂದನ್ನೇ ಮಾಡಿದವರಲ್ಲಿ ಬದಲಾವಣೆಯು ಅಲ್ಪ. ಈ ಪ್ರಯೋಗವು ಅಳೆದುದು ರಕ್ತವನ್ನೇ ಹೊರತು ಕ್ಯಾನ್ಸರನ್ನಲ್ಲ ಎಂಬುದನ್ನು ಮರೆಯಬಾರದು. ಆದರೂ ದೇಹವು ತನ್ನ ಹಾರ್ಮೋನಿನ ಮಟ್ಟವನ್ನು ಐವತ್ತರ ಆಚೆಗೂ ತಿದ್ದಿಕೊಳ್ಳಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಂಡಿಲ್ಲ.

ಇನ್ನುಳಿದ ಸೂಚಕಗಳನ್ನು ಕುರಿತು ಎರಡೇ ಮಾತು ಸಾಕು. ಬೆಳವಣಿಗೆಯನ್ನು ಪ್ರಚೋದಿಸುವ, ಇನ್ಸುಲಿನನ್ನು ಹೋಲುವ ಐಜಿಎಫ್-1 ಎಂಬ ವಸ್ತುವು ಅಧಿಕವಾಗಿರುವವರಲ್ಲಿ ಅಪಾಯವು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚೆಂದು ಹದಿನೇಳು ಅಧ್ಯಯನಗಳನ್ನು ಕೂಡಿಸಿದಾಗ ತಿಳಿದುಬಂದಿದೆ. ಮದ್ಯವು ರಕ್ತದ ಈಸ್ಟ್ರೋಜೆನನ್ನು ಏರಿಸುತ್ತದೆ. ದಿನವೂ ಹತ್ತು ಗ್ರಾಂ ಮದ್ಯಸಾರಕ್ಕೆ ಅಪಾಯವು ಸುಮಾರು ಶೇ. 7ರಂತೆ ಬೆಳೆಯುತ್ತದೆ, ಮತ್ತು ನಿರಪಾಯಕರವಾದ ಪ್ರಮಾಣವೆಂಬುದು ಇಲ್ಲ.

ಇಷ್ಟನ್ನು ಓದಿದ ಮೇಲೆ, ರೋಗ ತಗುಲಿದ ಸ್ತ್ರೀಯನ್ನು ನೋಡಿ ‘ನೀನು ಸರಿಯಾಗಿ ಬಾಳಲಿಲ್ಲ, ಆದುದರಿಂದ ಬಂದಿತು’ ಎನ್ನುವ ಕ್ರೂರವಾದ ತರ್ಕಕ್ಕೆ ಯಾರಾದರೂ ಇಳಿದರೆ ಅದು ವಿಜ್ಞಾನಕ್ಕೂ ಅಪಚಾರ, ಮನುಷ್ಯತ್ವಕ್ಕೂ ಅಪಚಾರ. ಈ ಅಂಕೆಗಳನ್ನು ಇಷ್ಟು ವಿಸ್ತಾರವಾಗಿ ಬರೆಯುತ್ತಿರುವ ನನ್ನ ಮುಖ್ಯ ಉದ್ದೇಶವೇ ಆ ತರ್ಕವನ್ನು ಅಲ್ಲಗಳೆಯುವುದು. ರಕ್ತವು ನುಡಿಯುವ ಬದುಕಿನ ಬಹುಭಾಗವನ್ನು ಆ ಸ್ತ್ರೀಯು ತಾನಾಗಿ ಆರಿಸಿಕೊಂಡಿರುವುದಿಲ್ಲ. ಮೈನೆರೆಯುವ ವಯಸ್ಸು ಒಂದು ವರ್ಷ ಮುಂಚಿತವಾದರೆ ಅಪಾಯವು ಶೇ. 5 ಹೆಚ್ಚುವುದೆಂದು 117 ಅಧ್ಯಯನಗಳ ಲೆಕ್ಕವು ಹೇಳುತ್ತದೆ. ಆದರೆ ತಾನು ಯಾವಾಗ ಋತುಮತಿಯಾಗಬೇಕೆಂದು ನಿರ್ಧರಿಸಿದ ಹುಡುಗಿ ಯಾವಳು? ಮೂವತ್ತು ದೇಶಗಳ 47 ಅಧ್ಯಯನಗಳನ್ನು ಕೂಡಿಸಿ 2002ರಲ್ಲಿ ಕಂಡಂತೆ, ಪ್ರತಿಯೊಂದು ಹೆರಿಗೆಯೂ ಅಪಾಯವನ್ನು ಶೇ. 7ರಷ್ಟು ತಗ್ಗಿಸುತ್ತದೆ, ಹಾಲೂಡಿಸಿದ ಪ್ರತಿ ಹನ್ನೆರಡು ತಿಂಗಳೂ ಇನ್ನೂ ಶೇ. 4.3ರಷ್ಟು ತಗ್ಗಿಸುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸ್ತ್ರೀಯೊಬ್ಬಳಿಗೆ ಸರಾಸರಿ 1.7 ಮಕ್ಕಳು. ಇದು ಸ್ತ್ರೀಯರ ವಿದ್ಯೆಯಿಂದಲೂ ಸ್ವಾತಂತ್ರ್ಯದಿಂದಲೂ ಬಂದ ಶುಭವಾದ ಮಾರ್ಪಾಡು. ಕ್ಯಾನ್ಸರಿನ ಭಯ ತೋರಿಸಿ ಹೆಚ್ಚು ಮಕ್ಕಳನ್ನು ಹೆರಿರೆಂದು ಉಪದೇಶಿಸುವುದು ಅವಿವೇಕ. ಆದರೆ ಹೆತ್ತ ಒಂದೆರಡು ಮಕ್ಕಳಿಗಾದರೂ ಮನದಣಿಯೆ ಹಾಲೂಡಿಸಲು ತಾಯಿಗೆ ಅವಕಾಶವುಂಟೆ ಎಂಬ ಪ್ರಶ್ನೆಯನ್ನು ನಾವು ಕೇಳಲೇಬೇಕು. ಇಪ್ಪತ್ತಾರು ವಾರಗಳ ಸಂಬಳಸಹಿತ ಹೆರಿಗೆ ರಜೆಯನ್ನು 2017ರ ಕಾನೂನು ವಿಧಿಸಿತು. ಕಚೇರಿಯ ನೌಕರಳಿಗೆ ಅದು ದೊರೆಯುತ್ತದೆ, ಮನೆಗೆಲಸದವಳಿಗೂ ಗಾರೆ ಕೆಲಸದವಳಿಗೂ ಹೊಲದ ಕೂಲಿಯವಳಿಗೂ ದೊರೆಯದು. ಹಾಗೆಯೇ ದಿನವೂ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಬೇಕೆಂದು ಹೇಳುವುದು ಸುಲಭ; ನಸುಕಿನಲ್ಲೆದ್ದು ಅಡಿಗೆ ಮಾಡಿ, ಮಕ್ಕಳನ್ನು ಕಳುಹಿಸಿ, ಬಸ್ಸಿಗೆ ಓಡಿ, ಕತ್ತಲಾದ ಮೇಲೆ ಮನೆಗೆ ಮರಳುವವಳಿಗೆ ಆ ಮುಕ್ಕಾಲು ಗಂಟೆಯನ್ನೂ, ನಿರ್ಭಯವಾಗಿ ನಡೆಯತಕ್ಕ ಒಂದು ಹಾದಿಯನ್ನೂ ಒದಗಿಸಿಕೊಡುವ ಹೊಣೆ ಮನೆಯವರದು ಮತ್ತು ನಗರಸಭೆಯದು. ಇವೆಲ್ಲದರ ಆಚೆಗೆ, ಏನೊಂದು ತಪ್ಪನ್ನೂ ಮಾಡದೆ ರೋಗಕ್ಕೀಡಾಗುವವರು ಎಷ್ಟೋ ಮಂದಿ. ಬಿಆರ್‌ಸಿಎ ಜೀನಿನ ದೋಷವನ್ನು ವಂಶಪಾರಂಪರ್ಯವಾಗಿ ಹೊತ್ತು ಬಂದವರು ಅವರಲ್ಲಿ ಒಂದು ಭಾಗವಷ್ಟೆ.

ಇಂದು ಪಟ್ಟಣಗಳಲ್ಲಿ ಪ್ರಯೋಗಶಾಲೆಗಳು ಮಾರುವ ‘ಸಮಗ್ರ ತಪಾಸಣೆ’ಗಳ ಪಟ್ಟಿಯಲ್ಲಿ ಸಿಎ 15-3 ಎಂಬ ರಕ್ತಪರೀಕ್ಷೆಯು ಕಾಣಬರುತ್ತದೆ. ರೋಗವು ಈಗಾಗಲೇ ಪತ್ತೆಯಾಗಿ, ಬೇರೆಡೆಗೆ ಹಬ್ಬಿರುವಾಗ, ಚಿಕಿತ್ಸೆಯು ಫಲಿಸುತ್ತಿದೆಯೇ ಎಂದು ಇತರ ಪರೀಕ್ಷೆಗಳೊಡನೆ ತಿಳಿಯಲು ಉಪಯೋಗಕ್ಕೆ ಬರುವ ಪರೀಕ್ಷೆ ಅದು. ಆರೋಗ್ಯವಂತ ಸ್ತ್ರೀಯಲ್ಲಿ ಆರಂಭದ ಗಡ್ಡೆಯನ್ನು ಕಂಡುಹಿಡಿಯಲು ಅದು ತಕ್ಕುದಲ್ಲ. ಗಡ್ಡೆ ಇದ್ದರೂ ಅಂಕೆಯು ಸಹಜವಾಗಿರಬಹುದು, ಯಕೃತ್ತಿನ ತೊಂದರೆಯಿಂದ ಅಂಕೆಯು ಏರಿ ಇಲ್ಲದ ಭಯವನ್ನು ಹುಟ್ಟಿಸಲೂಬಹುದು. ವರದಿಯ ಕಾಗದದಲ್ಲಿ ‘ಸಹಜ’ವೆಂದು ಓದಿ, ಕೈಗೆ ಸಿಕ್ಕುತ್ತಿರುವ ಗಂಟನ್ನು ಕಡೆಗಣಿಸುವುದೇ ಇದರಿಂದಾಗುವ ದೊಡ್ಡ ಅನರ್ಥ. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯಂತಹ ಹೆಸರಾಂತ ಸಂಸ್ಥೆಯೇ 2019ರ ಫೆಬ್ರವರಿಯಲ್ಲಿ, ಸ್ತನ ಕ್ಯಾನ್ಸರನ್ನು ಹಿಡಿಯಬಲ್ಲ ರಕ್ತಪರೀಕ್ಷೆಯೊಂದನ್ನು ಪತ್ರಿಕೆಗಳ ಮೂಲಕ ಘೋಷಿಸಿ, ಆಧಾರವು ಸಾಲದೆಂದು ತಜ್ಞರು ಆಕ್ಷೇಪಿಸಿದ ಮೇಲೆ ಹಿಂದೆಗೆಯಬೇಕಾಯಿತು. ಮುಂದೊಂದು ದಿನ ಅಂತಹ ಪರೀಕ್ಷೆಯು ಸಿದ್ಧಿಸಬಾರದೆಂದೇನೂ ಇಲ್ಲ. ಸದ್ಯಕ್ಕೆ ಮಾತ್ರ ರಕ್ತಸೂಚಕಗಳು ರೋಗವು ಹೇಗೆ ಬೆಳೆಯುತ್ತದೆಂಬುದನ್ನು ವಿವರಿಸುವ ಜ್ಞಾನಸಾಧನಗಳು. ಅವುಗಳಿಗೆ ಗಡ್ಡೆಯನ್ನು ಹುಡುಕುವ ಕೆಲಸವನ್ನು ವಹಿಸುವ ಕಾಲ ಬಂದಿಲ್ಲ.

ಗಡ್ಡೆಯನ್ನು ಹುಡುಕುವ ಕೆಲಸಕ್ಕೆ ನಮ್ಮ ದೇಶದಲ್ಲಿಯೇ ಪರೀಕ್ಷಿಸಿ ನೋಡಿದ ಉಪಾಯವೊಂದು ಉಂಟು. ಟಾಟಾ ಸ್ಮಾರಕ ಆಸ್ಪತ್ರೆಯು 1998ರಲ್ಲಿ ಆರಂಭಿಸಿ ಮುಂಬಯಿಯ ಬಡಬಗ್ಗರ ಬಡಾವಣೆಗಳಲ್ಲಿ ನಡೆಸಿದ ಪ್ರಯೋಗದಲ್ಲಿ 35ರಿಂದ 64 ವರ್ಷದ 1,51,538 ಸ್ತ್ರೀಯರು ಸೇರಿದ್ದರು. ವೈದ್ಯರಲ್ಲದ, ತರಬೇತಿ ಪಡೆದ ಮಹಿಳಾ ಕಾರ್ಯಕರ್ತೆಯರು ಅವರಲ್ಲಿ ಅರ್ಧದಷ್ಟು ಮಂದಿಯ ಸ್ತನಗಳನ್ನು ಎರಡು ವರ್ಷಗಳಿಗೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು, ಯಂತ್ರವೊಂದೂ ಬೇಕಾಗಲಿಲ್ಲ. ಇಪ್ಪತ್ತು ವರ್ಷಗಳ ಫಲವು 2021ರಲ್ಲಿ ಪ್ರಕಟವಾಯಿತು: ಪರೀಕ್ಷೆಗೊಳಗಾದವರಲ್ಲಿ ರೋಗವು ಹೆಚ್ಚು ಮುಂಚಿತವಾದ ಹಂತದಲ್ಲಿ ಪತ್ತೆಯಾಯಿತು, ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಮರಣವು ಸುಮಾರು ಶೇ. 30 ತಗ್ಗಿತು. ಐವತ್ತರೊಳಗಿನವರಲ್ಲಿ ಮರಣವು ತಗ್ಗಲಿಲ್ಲವೆಂಬುದನ್ನೂ ಸಂಶೋಧಕರು ಮುಚ್ಚಿಡದೆ ಹೇಳಿದ್ದಾರೆ. ಮೂವತ್ತರಿಂದ ಅರವತ್ತೈದು ವರ್ಷದ ಸ್ತ್ರೀಯರಿಗೆಲ್ಲ ಐದು ವರ್ಷಗಳಿಗೊಮ್ಮೆ ಈ ಪರೀಕ್ಷೆಯಾಗಬೇಕೆಂದು ಕೇಂದ್ರ ಸರ್ಕಾರವು 2016ರಲ್ಲಿಯೇ ವಿಧಿಸಿದೆ. ಆದರೆ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 30ರಿಂದ 49 ವರ್ಷದ ಸ್ತ್ರೀಯರ ಪೈಕಿ ಎಂದಾದರೊಮ್ಮೆ ಸ್ತನಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ. ಲಿಯಾನ್ ನಗರದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ಅಂದಾಜಿನಂತೆ 2022ನೆಯ ಒಂದು ವರ್ಷದಲ್ಲಿ ಭಾರತದಲ್ಲಿ ಹೊಸದಾಗಿ ಈ ರೋಗ ಕಂಡವರು 1,92,020 ಮಂದಿ, ಇದರಿಂದ ಸತ್ತವರು 98,337 ಮಂದಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಾಗಿಲು ಮುಚ್ಚಿಕೊಳ್ಳುವ ಒಂದು ಕೋಣೆ, ತರಬೇತಿಯಾದ ಒಬ್ಬ ದಾದಿ, ಗಂಟು ಕಂಡುಬಂದವರನ್ನು ತಡಮಾಡದೆ ಜಿಲ್ಲಾ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೋ ಕಳುಹಿಸುವ ಏರ್ಪಾಡು: ಇಷ್ಟನ್ನು ಪ್ರತಿ ತಾಲ್ಲೂಕಿನಲ್ಲಿಯೂ ಒದಗಿಸುವುದು ನಮ್ಮ ರಾಜ್ಯದ ಶಕ್ತಿಗೆ ಮೀರಿದುದಲ್ಲ. ಗಂಟು ನೋಯದಿದ್ದರೂ, ತೊಟ್ಟು ಒಳಸೇದಿದರೂ, ಚರ್ಮ ಸುಕ್ಕಿ ಗುಳಿಬಿದ್ದರೂ, ತೊಟ್ಟಿನಿಂದ ರಕ್ತ ಜಿನುಗಿದರೂ, ಹಬ್ಬವನ್ನೋ ಮಗಳ ಪರೀಕ್ಷೆಯನ್ನೋ ಕಾಯದೆ ಆ ವಾರದಲ್ಲಿಯೇ ವೈದ್ಯರಲ್ಲಿಗೆ ಹೋಗಬೇಕು. ಹೊರಡಲು ಸಂಕೋಚಪಡುವವಳ ಜತೆಗೆ ಮನೆಯವರೊಬ್ಬರು ಹೊರಡಬೇಕು.